ಫ್ಯೂಸಿನ ಅಳತೆ

ಬೀದರ ಜಿಲ್ಲೆಯು ಕರ್ನಾಟಕದ ನೆತ್ತಿಯ ಮೇಲಿದೆ. ಅದರ ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ಈ ಜಿಲ್ಲೆಯ ಭಾಲ್ಕಿ ತಾಲ್ಲೂಕಿನಲ್ಲಿ ಭಾತಂಬ್ರಾ ಎಂಬ ಊರಿದೆ. ಹಳೆಯದೊಂದು ಕೋಟೆ ಅಲ್ಲಿ ಇಂದಿಗೂ ಉಳಿದಿದೆ. ಈ ಸೀಮೆಯ ರೈತನು ತನಗೆ ಬೇಕಾದ ಸಾಮಾನುಗಳಿಗಾಗಿ ಒಮ್ಮೆ ಭಾಲ್ಕಿಗೆ ಹೋಗುತ್ತಾನೆ, ಒಮ್ಮೆ ಬೀದರಿಗೆ, ಮತ್ತೊಮ್ಮೆ ಗಡಿಯಾಚೆಯ ಉದಗೀರಿಗೆ. ಅವನ ಬಾವಿಯ ಪಂಪಿನ ಹಲಗೆಯ ಮೇಲೆ ಬಿಳಿಯ ಪಿಂಗಾಣಿಯ ಮೂರು ಫ್ಯೂಸುಗಳಿವೆ ಎಂದುಕೊಳ್ಳೋಣ. ಅವುಗಳಲ್ಲೊಂದರ ಹಿಡಿಕೆ ಬಿರುಕುಬಿಟ್ಟಿತು. ಕಬ್ಬಿಗೆ ನೀರು ಹಾಯಿಸುವ ಸರದಿ ಅಂದೇ ಇದೆ. ಅವನು ಸಮೀಪದ ಪೇಟೆಗೆ ಹೋಗಿ ಬೇರೊಂದು ಹಿಡಿಕೆಯನ್ನು ಕೊಂಡು ತರುತ್ತಾನೆ. ಹಲಗೆಯಲ್ಲಿ ಉಳಿದಿರುವ ಪೀಠವನ್ನು ಮಾಡಿದ ಕಾರ್ಖಾನೆ ಒಂದು. ಈಗ ತಂದ ಹಿಡಿಕೆಯನ್ನು ಮಾಡಿದ ಕಾರ್ಖಾನೆ ಮತ್ತೊಂದು. ಇವೆರಡೂ ಒಂದಕ್ಕೊಂದು ಕೂಡುವುವೇ? ಕೂಡಿದರೂ ಬಿಗಿಯಾಗಿ ಕೂಡುವುವೇ? ಸಣ್ಣದೆಂದು ತೋರುವ ಈ ಪ್ರಶ್ನೆಯನ್ನೇ ಈ ಪಾಠದಲ್ಲಿ ವಿಚಾರಿಸಬೇಕಾಗಿದೆ.

ಮೊದಲು ಫ್ಯೂಸೆಂದರೇನು ಎಂಬುದನ್ನು ತಿಳಿಯಬೇಕು. ವಿದ್ಯುತ್ ಮಂಡಲದಲ್ಲಿ ನಾವು ಬುದ್ಧಿಪೂರ್ವಕವಾಗಿ ಇರಿಸಿದ ಅತ್ಯಂತ ದುರ್ಬಲವಾದ ಭಾಗವೇ ಫ್ಯೂಸು. ಯಾವುದೇ ತಂತಿಯಲ್ಲಿ ವಿದ್ಯುತ್ ಪ್ರವಾಹ ಹರಿದಾಗ ಶಾಖವು ಹುಟ್ಟುತ್ತದೆ; ಪ್ರವಾಹವು ಎರಡು ಪಟ್ಟಾದರೆ ಶಾಖವು ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಗೋಡೆಯೊಳಗೆ ಹುದುಗಿರುವ ತಂತಿ ಹೀಗೆ ಕಾದರೆ ಅದರ ಹೊದಿಕೆ ಕರಗುತ್ತದೆ, ಹೊತ್ತಿಕೊಳ್ಳುತ್ತದೆ. ಅದು ನಮ್ಮ ಕಣ್ಣಿಗೆ ಬೀಳುವ ವೇಳೆಗೆ ಮಾಡಿಗೆ ಬೆಂಕಿ ತಗಲಿರುತ್ತದೆ. ಆದುದರಿಂದ ಕಣ್ಣೆದುರಿನ ಒಂದು ಪಿಂಗಾಣಿಯ ಗೂಡಿನಲ್ಲಿ, ಗೋಡೆಯ ತಂತಿಗಿಂತ ತೆಳುವಾದ ತಂತಿಯೊಂದನ್ನು ಕಟ್ಟಿಡುತ್ತಾರೆ. ಪ್ರವಾಹ ಮಿತಿಮೀರಿದಾಗ ಮೊದಲು ಕರಗಿ ಹರಿದುಹೋಗುವುದು ಅದು. ತಾನು ಸುಟ್ಟು ಮನೆಯನ್ನು ಉಳಿಸುವುದೇ ಅದರ ಕೆಲಸ.

ಈ ಉಪಾಯವು ಹಳೆಯದು. ತಂತಿ ಕಚೇರಿಗಳನ್ನು ಸಿಡಿಲಿನಿಂದ ರಕ್ಷಿಸಲು ತೆಳುವಾದ ತಂತಿಯ ತುಂಡೊಂದನ್ನು ನಡುವೆ ಸೇರಿಸಬೇಕೆಂದು ಫ್ರಾನ್ಸಿನ ಬ್ರೆಗೆ ಎಂಬಾತನು 1847ರಲ್ಲಿಯೇ ಸೂಚಿಸಿದ್ದನು. ವಿದ್ಯುದ್ದೀಪಗಳು ಮನೆಗಳನ್ನು ಪ್ರವೇಶಿಸಿದ ಮೇಲೆ ಎಡಿಸನ್ನನು 1890ರಲ್ಲಿ ಫ್ಯೂಸಿಗೆ ಹಕ್ಕುಪತ್ರವನ್ನು ಪಡೆದನು. ನಮ್ಮ ನಾಡಿನಲ್ಲಿ ಶಿವನಸಮುದ್ರದ ಶಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ. ಕಂಬಗಳು ಊರೂರಿಗೆ ಹೋದಂತೆ ಫ್ಯೂಸೂ ಅವುಗಳ ಜೊತೆಯಲ್ಲಿ ಹೋಯಿತು. 1956ರ ಭಾರತೀಯ ವಿದ್ಯುತ್ ನಿಯಮಗಳು, ಬಳಕೆದಾರನ ಮನೆಗೆ ಬರುವ ಪ್ರತಿಯೊಂದು ಜೀವಂತ ತಂತಿಯಲ್ಲಿಯೂ ತಕ್ಕ ‘ಕಟೌಟ್’ ಇರಬೇಕೆಂದೂ, ಅದು ಕೈಗೆಟಕುವ ಸ್ಥಳದಲ್ಲಿ, ಬೆಂಕಿಗೆ ಜಗ್ಗದ ಗೂಡಿನಲ್ಲಿ ಇರಬೇಕೆಂದೂ ವಿಧಿಸಿದವು. ಆ ಕಟೌಟೇ ನಾವು ಹೇಳುವ ಫ್ಯೂಸು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹೊಸ ಹಿಡಿಕೆಯು ಹಳೆಯ ಪೀಠಕ್ಕೆ ಸ್ವಲ್ಪ ದೊಡ್ಡದಾಗಿದ್ದರೆ ಅದು ಕೂರುವುದೇ ಇಲ್ಲ. ರೈತನು ಗೊಣಗಿಕೊಂಡು ಪೇಟೆಗೆ ಹಿಂದಿರುಗುತ್ತಾನೆ. ಇದು ತೊಂದರೆಯೇ ಹೊರತು ಅಪಾಯವಲ್ಲ. ಸ್ವಲ್ಪ ಚಿಕ್ಕದಾಗಿದ್ದರೆ? ಆಗ ಅದು ಕೂರುತ್ತದೆ, ಪಂಪೂ ತಿರುಗುತ್ತದೆ. ಆದರೆ ಹಿಡಿಕೆಯ ಹಿತ್ತಾಳೆಯ ನಾಲಗೆಯು ಪೀಠದ ದವಡೆಯನ್ನು ಅಲ್ಲೊಂದು ಇಲ್ಲೊಂದು ಬಿಂದುವಿನಲ್ಲಿ ಮಾತ್ರ ಮುಟ್ಟುತ್ತದೆ. ಸಡಿಲವಾದ ಸಂಪರ್ಕದಲ್ಲಿ ಪ್ರತಿರೋಧ ಹೆಚ್ಚು. ಪ್ರತಿರೋಧ ಹೆಚ್ಚಿದಲ್ಲಿ ಶಾಖ ಹೆಚ್ಚು. ಹಿತ್ತಾಳೆ ಕಪ್ಪಾಗುತ್ತದೆ, ಕಪ್ಪಾದುದರಿಂದ ಪ್ರತಿರೋಧವು ಇನ್ನೂ ಹೆಚ್ಚುತ್ತದೆ. ಹೀಗೆ, ಬೆಂಕಿಯನ್ನು ತಡೆಯಲು ಇಟ್ಟ ವಸ್ತುವೇ ಬೆಂಕಿಗೆ ಮೂಲವಾಗುತ್ತದೆ. ಕೂಡದಿರುವ ಭಾಗಕ್ಕಿಂತ ಅರೆಬರೆ ಕೂಡುವ ಭಾಗವೇ ಹೆಚ್ಚು ಕೆಡುಕಿನದು ಎಂಬುದನ್ನು ಗಮನದಲ್ಲಿಡಬೇಕು.

ಒಂದು ಕಡೆ ಮಾಡಿದ ವಸ್ತು ಇನ್ನೊಂದು ಕಡೆ ಮಾಡಿದ ವಸ್ತುವಿಗೆ ತಪ್ಪದೆ ಹೊಂದಬೇಕಾದರೆ, ಇಬ್ಬರೂ ಒಂದೇ ಅಳತೆಯನ್ನು ಒಪ್ಪಿರಬೇಕು. ಅಳತೆಗಳು ಬೇರೆಬೇರೆಯಾಗಿದ್ದರೆ ಜನಜೀವನವು ಎಷ್ಟು ಕಷ್ಟವಾಗುತ್ತದೆಂಬುದನ್ನು ಬೀದರ ಸೀಮೆಯ ಹಿರಿಯರಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಅಲ್ಲಿ ನಡೆಯುತ್ತಿದ್ದುದು ಹೈದರಾಬಾದಿನ ಹಾಲಿ ಸಿಕ್ಕಾ ರೂಪಾಯಿ. ಗಡಿಯಾಚೆಗೆ ನಡೆಯುತ್ತಿದ್ದುದು ಬ್ರಿಟಿಷ್ ಭಾರತದ ಕಲ್ದಾರ ರೂಪಾಯಿ. ಎರಡೂ ರೂಪಾಯಿಗಳೇ, ಆದರೆ ಒಂದಕ್ಕೊಂದು ಸಮವಲ್ಲ. 1950ರಲ್ಲಿ ಭಾರತದ ರೂಪಾಯಿ ಅಲ್ಲಿಗೆ ಬಂದಾಗ ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂಬ ಲೆಕ್ಕವಿತ್ತು. ಏಳನ್ನು ಆರಾಗಿಸುವ ಈ ಗಣಿತವನ್ನು ಸಂತೆಯಲ್ಲಿ ನಿಂತು ಮಾಡುವುದು ಸುಲಭವೇ? ಹಾಲಿ ಸಿಕ್ಕಾ ಪೂರ್ಣವಾಗಿ ರದ್ದಾದದ್ದು 1959ರಲ್ಲಿ. ಅದೇ ಕಾಲದಲ್ಲಿ, 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯಗಳೂ, 1958ರಿಂದ ಮೊದಲ್ಗೊಂಡು ಮೀಟರು, ಕಿಲೋಗ್ರಾಂಗಳೂ ದೇಶದಲ್ಲಿ ಬಳಕೆಗೆ ಬಂದವು. ಸೇರು, ತೊಲ, ಗಜಗಳ ಬದಲು ಭಾಲ್ಕಿಯಲ್ಲಿಯೂ ಬೆಂಗಳೂರಿನಲ್ಲಿಯೂ ಒಂದೇ ತೂಕ, ಒಂದೇ ಅಳತೆ ನೆಲೆಗೊಂಡಿತು.

ಹಣದಲ್ಲಿ ಅಳತೆ ತಪ್ಪಿದರೆ ಆಗುವುದು ನಷ್ಟ. ಯಂತ್ರದ ಭಾಗಗಳಲ್ಲಿ ತಪ್ಪಿದರೆ ಊರೇ ಹೋಗಬಹುದು. 1904ರ ಫೆಬ್ರವರಿ 7ರಂದು ಅಮೆರಿಕೆಯ ಬಾಲ್ಟಿಮೋರ್ ನಗರದಲ್ಲಿ ಬೆಂಕಿ ಎದ್ದಿತು. ವಾಷಿಂಗ್ಟನ್ ಮುಂತಾದ ನಗರಗಳಿಂದ ಬೆಂಕಿ ಆರಿಸುವ ಯಂತ್ರಗಳು ರೈಲಿನಲ್ಲಿ ಧಾವಿಸಿ ಬಂದವು. ಯಂತ್ರವಿತ್ತು, ನೀರಿತ್ತು, ಆಳುಗಳಿದ್ದರು. ಆದರೆ ಹೊರಗಿನಿಂದ ಬಂದ ಅನೇಕ ಕೊಳವೆಗಳ ತಿರುಪುಗಳು ಬಾಲ್ಟಿಮೋರಿನ ನಲ್ಲಿಗಳ ತಿರುಪುಗಳಿಗೆ ಹೊಂದಲಿಲ್ಲ. ಒಂದೂವರೆ ಸಾವಿರಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ತಿರುಪಿನ ಸುತ್ತುಗಳಿಗೆ ಒಂದೇ ಅಳತೆ ಇರಬೇಕೆಂದು ಇಂಗ್ಲೆಂಡಿನ ವಿಟ್‌ವರ್ತ್ 1841ರಷ್ಟು ಹಿಂದೆಯೇ ಹೇಳಿದ್ದನೆಂಬುದನ್ನು ನೆನೆದರೆ, ಬುದ್ಧಿಮಾತು ಕಿವಿಯಿಂದ ಕೈಗೆ ಇಳಿಯಲು ಎಷ್ಟು ಕಾಲ ಹಿಡಿಯುತ್ತದೆಂದು ವ್ಯಥೆಯಾಗುತ್ತದೆ.

ಭಾರತದಲ್ಲಿ ಈ ಕಾರ್ಯಕ್ಕೆಂದು 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೂ ಕೆಲವು ತಿಂಗಳು ಮೊದಲು, ಭಾರತೀಯ ಮಾನಕ ಸಂಸ್ಥೆಯು ಹುಟ್ಟಿತು. ‘ಐ.ಎಸ್.ಐ.’ ಎಂಬ ಮುದ್ರೆ ಅದರದೇ. 1987ರಿಂದ ಆ ಸಂಸ್ಥೆಯು ಭಾರತೀಯ ಮಾನಕ ಬ್ಯೂರೋ ಎಂದು ಹೆಸರಾಗಿದೆ. ಮುದ್ರೆ ಮಾತ್ರ ಹಳೆಯದೇ ಉಳಿದಿದೆ. ಈ ಸಂಸ್ಥೆಯ ಮೊದಲನೆಯ ಮಾನಕವು ಯಾವ ಯಂತ್ರವನ್ನೂ ಕುರಿತದ್ದಲ್ಲ, ನಮ್ಮ ರಾಷ್ಟ್ರಧ್ವಜವನ್ನು ಕುರಿತದ್ದು. ಬಟ್ಟೆಯ ನೂಲು, ಬಣ್ಣದ ಛಾಯೆ, ಉದ್ದಗಲಗಳ ಪ್ರಮಾಣ ಎಲ್ಲವನ್ನೂ ಅದು ಗೊತ್ತುಪಡಿಸಿತು. ಆ ಮಾನಕಕ್ಕೆ ಅನುಸಾರವಾಗಿ ಖಾದಿಯ ಧ್ವಜವನ್ನು ಸಿದ್ಧಪಡಿಸುವ ಪ್ರಸಿದ್ಧ ಕೇಂದ್ರವು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. ಧ್ವಜದ ನಂತರ ಸಿಮೆಂಟು, ಉಕ್ಕು, ತಂತಿ, ಸ್ವಿಚ್ಚು ಇವುಗಳ ಸರದಿ ಬಂದಿತು. ತಂತಿಯನ್ನು ಮರಳಿ ಕಟ್ಟಬಹುದಾದ ಪಿಂಗಾಣಿ ಫ್ಯೂಸಿನ ಹಿಡಿಕೆ ಮತ್ತು ಪೀಠಗಳಿಗೆ 2086ನೆಯ ಸಂಖ್ಯೆಯ ಮಾನಕ. ಅದರಲ್ಲಿ ಕಟ್ಟುವ ತಂತಿಗೆ 9926ನೆಯದು. ಮರಳು ತುಂಬಿದ, ಮುಚ್ಚಿದ ಫ್ಯೂಸುಗಳಿಗೆ 13703ನೆಯದು. ಅಂಗಡಿಯಲ್ಲಿ ಈ ಸಂಖ್ಯೆಗಳನ್ನು ಹುಡುಕಿ ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಬೆಲೆಯನ್ನು ಮಾತ್ರ ಎಲ್ಲರೂ ಓದುತ್ತಾರೆ.

ಏಕರೂಪತೆಯೆಂದ ಕೂಡಲೆ ಕೆಲವರಿಗೆ ಅದು ಸೌಂದರ್ಯದ ಶತ್ರುವೆನಿಸುತ್ತದೆ. ಬೀದರಿನ ಬಿದರಿ ಕಲೆಯಲ್ಲಿ ಎರಡು ಹೂಜಿಗಳು ಸಂಪೂರ್ಣವಾಗಿ ಒಂದೇ ಆಗಿರುವುದಿಲ್ಲ. ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆಯನ್ನು ಕೂರಿಸುವ ಕೈ ಪ್ರತಿ ಸಲವೂ ಬೇರೆಯಾಗಿ ಚಲಿಸುತ್ತದೆ, ಅದಕ್ಕಾಗಿಯೇ ನಾವು ಅದನ್ನು ಮೆಚ್ಚುತ್ತೇವೆ. ಆದರೆ ಹೂಜಿಯು ಮತ್ತೊಂದು ಹೂಜಿಯ ಜಾಗದಲ್ಲಿ ಕೆಲಸಮಾಡಬೇಕಾಗಿಲ್ಲ. ಫ್ಯೂಸಿಗೆ ಇರುವುದು ಅದೊಂದೇ ಕೆಲಸ.

ಅಳತೆಗಳು ಒಂದಾದರೆ ಸಾಲದು, ಅವು ಕೆಲವೇ ಆಗಿರಬೇಕು. ಒಂದು ಕಾರ್ಖಾನೆ 14 ಆಂಪೇರಿನದನ್ನೂ, ಇನ್ನೊಂದು 15ರದನ್ನೂ, ಮಗದೊಂದು 17ರದನ್ನೂ ಮಾಡತೊಡಗಿದರೆ ಹಳ್ಳಿಯ ಅಂಗಡಿಯವನು ಎಷ್ಟನ್ನು ಇಟ್ಟುಕೊಂಡಾನು? ಫ್ರಾನ್ಸಿನ ಸೇನೆಯಲ್ಲಿ ಶಾರ್ಲ್ ರೆನಾರ್ ಎಂಬ ಎಂಜಿನಿಯರನಿದ್ದನು. ಸೈನ್ಯದ ಬಲೂನುಗಳನ್ನು ಕಟ್ಟುವ ಹಗ್ಗಗಳು 425 ಬಗೆಯ ಗಾತ್ರದಲ್ಲಿರುವುದನ್ನು ಕಂಡು, ಆತನು 1870ರ ದಶಕದಲ್ಲಿ ಅವನ್ನು 17ಕ್ಕೆ ಇಳಿಸಿದನು. ಆತನ ಕ್ರಮ ಸರಳವಾದುದು: ಪ್ರತಿಯೊಂದು ಗಾತ್ರವೂ ಹಿಂದಿನದಕ್ಕಿಂತ ಇಷ್ಟು ಹೆಚ್ಚು ಎನ್ನದೆ, ಇಷ್ಟು ಪಟ್ಟು ಹೆಚ್ಚು ಎನ್ನುವುದು. ಹತ್ತರಿಂದ ನೂರಕ್ಕೆ ಐದು ಸಮಾನ ಮೆಟ್ಟಿಲುಗಳಲ್ಲಿ ಏರಿದರೆ ಪ್ರತಿ ಮೆಟ್ಟಿಲೂ ಸುಮಾರು 1.6 ಪಟ್ಟು. ಆಗ ದೊರೆಯುವ ಸಂಖ್ಯೆಗಳು 10, 16, 25, 40, 63, 100. ವಿದ್ಯಾರ್ಥಿಗಳು ತಮ್ಮ ಊರಿನ ಕಂಬದ ಮೇಲಿರುವ ಪರಿವರ್ತಕದ ಫಲಕವನ್ನು ದೂರದಿಂದಲೇ ಓದಲಿ; ಅಲ್ಲಿ 25, 63, ಇಲ್ಲವೆ 100 ಕೆ.ವಿ.ಎ. ಎಂದು ಬರೆದಿರುವುದು ಸಾಮಾನ್ಯ. ಅರವತ್ತಲ್ಲ, ಅರವತ್ತಮೂರು ಏಕೆ ಎಂಬ ಪ್ರಶ್ನೆಗೆ ಉತ್ತರವು ಬಲೂನಿನ ಹಗ್ಗದಲ್ಲಿದೆ. ಮುಚ್ಚಿದ ಫ್ಯೂಸುಗಳೂ ಇದೇ ಸರಣಿಯಲ್ಲಿ 16, 25, 40, 63, 100 ಎಂದು, ನಡುನಡುವೆ ಕೆಲವು ಸಂಖ್ಯೆಗಳನ್ನು ಸೇರಿಸಿಕೊಂಡು ಸಾಗುತ್ತವೆ. ಹಿಂದೆ 5 ಮತ್ತು 15 ಆಂಪೇರಿನದಾಗಿದ್ದ ನಮ್ಮ ಗೋಡೆಯ ಸಾಕೆಟ್ಟುಗಳು ಈಗ 6 ಮತ್ತು 16 ಆಂಪೇರಿನದಾಗಿವೆ.

ಆ ಸಾಕೆಟ್ಟುಗಳ ಕಡೆಗೇ ಇನ್ನೊಮ್ಮೆ ನೋಡಬೇಕು. 16 ಆಂಪೇರಿನ ಪ್ಲಗ್ಗಿನ ಕಡ್ಡಿಗಳು ದಪ್ಪ; 6 ಆಂಪೇರಿನ ರಂಧ್ರಗಳು ಕಿರಿದು. ನೀರು ಕಾಯಿಸುವ ದೊಡ್ಡ ಯಂತ್ರದ ಪ್ಲಗ್ಗನ್ನು ಮೇಜಿನ ದೀಪದ ಸಾಕೆಟ್ಟಿಗೆ ತುರುಕಲು ಬರುವುದಿಲ್ಲ. ಎರಡಕ್ಕೂ ಒಂದೇ ಗಾತ್ರವನ್ನು ಇಟ್ಟಿದ್ದರೆ ಅನುಕೂಲವಾಗುತ್ತಿರಲಿಲ್ಲವೇ ಎಂದು ಕೇಳಬಹುದು. ಆಗುತ್ತಿತ್ತು, ಅದರ ಹಿಂದೆಯೇ ಸಣ್ಣ ತಂತಿ ಕಾದು ಕರಗುತ್ತಿತ್ತು. ಇಲ್ಲಿ ಹೊಂದದಂತೆ ಮಾಡಿರುವುದೇ ರಕ್ಷಣೆ. ಮಾನಕವನ್ನು ರೂಪಿಸುವವನ ಮುಂದೆ ಹೀಗೆ ಎರಡು ಕೆಲಸಗಳಿವೆ. ಸಮಾನವಾದವು ಎಲ್ಲಿಂದ ಬಂದರೂ ಒಂದರ ಸ್ಥಾನದಲ್ಲಿ ಇನ್ನೊಂದು ಕೂರಬೇಕು; ಅಸಮಾನವಾದವು, ಯಾರು ಎಷ್ಟು ಒತ್ತಿದರೂ ಕೂರಬಾರದು. ಮೊದಲನೆಯ ಕೆಲಸವನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಮಟ್ಟಿಗೆ ಎರಡನೆಯದೇ ಕಠಿಣವಾದುದು, ಏಕೆಂದರೆ ಅದು ಮನುಷ್ಯನ ಅವಸರದೊಡನೆ ಸೆಣಸಬೇಕು.

ಅಮೆರಿಕೆಯಲ್ಲಿ ಮೊದಲು ಗಮನಿಸಿದ್ದು ಮೊದಲನೆಯ ಕೆಲಸವನ್ನು ಮಾತ್ರ. ದೀಪದ ಬುರುಡೆಯಂತೆಯೇ ತಿರುಪುಳ್ಳ ಫ್ಯೂಸುಗಳನ್ನು ಅಲ್ಲಿ ಮಾಡಿದರು. 15, 20, 30 ಆಂಪೇರಿನವೆಲ್ಲ ಒಂದೇ ಗೂಡಿಗೆ ಹೊಂದುತ್ತಿದ್ದವು. 15ರದು ಪದೇಪದೇ ಸುಟ್ಟುಹೋದರೆ ಜನರು 30ರದನ್ನು ತಿರುಗಿಸಿಟ್ಟರು. ಅದೂ ಇಲ್ಲದಿದ್ದರೆ ಗೂಡಿನೊಳಗೆ ತಾಮ್ರದ ಕಾಸೊಂದನ್ನು ಇಟ್ಟರು. ಮನೆಗಳು ಉರಿದ ಮೇಲೆ, ಒಮ್ಮೆ ಕೂರಿಸಿದರೆ ತೆಗೆಯಲು ಬಾರದ ಒಳಗೂಡನ್ನು ಅಳವಡಿಸಿ ಪ್ರತಿಯೊಂದು ಮಿತಿಗೂ ಬೇರೆ ತಿರುಪನ್ನು ಮಾಡಬೇಕಾಯಿತು. ಜರ್ಮನಿಯವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಎರಡನ್ನೂ ಒಟ್ಟಿಗೆ ಆಲೋಚಿಸಿದರು. ಸೀಮೆನ್ಸ್ ಕಂಪನಿಯ, ನಮ್ಮಲ್ಲಿ ‘ಬಾಟಲ್ ಫ್ಯೂಸು’ ಎಂದು ಕರೆಯುವ ಪಿಂಗಾಣಿಯ ಸೀಸೆಯ ತಳದ ಮೊಳೆಯು ಆಂಪೇರು ಹೆಚ್ಚಿದಂತೆ ದಪ್ಪವಾಗುತ್ತದೆ. ಗೂಡಿನ ತಳದಲ್ಲಿ ಅದಕ್ಕೆ ತಕ್ಕ ರಂಧ್ರದ ಬಳೆಯಿರುತ್ತದೆ. 10ರ ಬಳೆಯೊಳಗೆ 6ರ ಸೀಸೆ ಇಳಿಯುತ್ತದೆ, 16ರದು ಇಳಿಯದು. ಕಡಿಮೆಯನ್ನು ಇಡಬಹುದು, ಹೆಚ್ಚನ್ನು ಇಡಲಾಗದು. ಅದರ ಮೇಲೆ ಬಣ್ಣವೂ ಉಂಟು: 6ಕ್ಕೆ ಹಸಿರು, 10ಕ್ಕೆ ಕೆಂಪು, 16ಕ್ಕೆ ಬೂದು, 20ಕ್ಕೆ ನೀಲಿ, 25ಕ್ಕೆ ಹಳದಿ. ಅಕ್ಷರ ಬಾರದವನೂ ತಪ್ಪು ಮಾಡದಂತೆ ನೋಡಿಕೊಂಡ ಈ ವಿವೇಕ ಮೆಚ್ಚತಕ್ಕದ್ದು.

ನಮ್ಮ ಪಿಂಗಾಣಿ ಹಿಡಿಕೆಯ ಫ್ಯೂಸು ಅಗ್ಗವಾದುದು, ಗಟ್ಟಿಯಾದುದು, ಸುಟ್ಟರೆ ಕೆಲವು ಕಾಸಿನ ತಂತಿಯಿಂದ ಮತ್ತೆ ಜೀವ ಪಡೆಯುವುದು. ಬಡ ದೇಶಕ್ಕೆ ಇದಕ್ಕಿಂತ ಒಪ್ಪುವ ಉಪಕರಣವಿರಲಿಲ್ಲ. ಆದರೆ ಹಿಡಿಕೆಗೆ ಎಷ್ಟೇ ಅಳತೆಗಳನ್ನು ಗೊತ್ತುಪಡಿಸಿದರೂ, ಅದರಲ್ಲಿ ಕಟ್ಟುವ ತಂತಿಯು ಕಟ್ಟುವವನ ಕೈಯಲ್ಲಿದೆ. ಬ್ರಿಟಿಷ್ ಕೋಷ್ಟಕದ ಪ್ರಕಾರ ತವರ ಲೇಪಿಸಿದ ತಾಮ್ರದ ತಂತಿಯಾದರೆ 5 ಆಂಪೇರಿಗೆ 0.2 ಮಿಲಿಮೀಟರು, 10ಕ್ಕೆ 0.35, 15ಕ್ಕೆ 0.5 ಮಿಲಿಮೀಟರು ವ್ಯಾಸವಿರಬೇಕು. ಕೂದಲೆಳೆಯಷ್ಟು ವ್ಯತ್ಯಾಸವೆಂದು ತಾತ್ಸಾರ ಮಾಡುವಂತಿಲ್ಲ. ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರನಾಗಿದ್ದ ವಿಲಿಯಂ ಪ್ರೀಸ್ 1880ರ ದಶಕದಲ್ಲಿ ಕಂಡುಕೊಂಡಂತೆ, ತಂತಿಯ ವ್ಯಾಸವನ್ನು ಎರಡು ಪಟ್ಟು ಮಾಡಿದರೆ ಅದನ್ನು ಕರಗಿಸಲು ಬೇಕಾಗುವ ಪ್ರವಾಹವು ಎರಡು ಪಟ್ಟಲ್ಲ, ಸುಮಾರು 2.8 ಪಟ್ಟಾಗುತ್ತದೆ. 0.5 ಮಿಲಿಮೀಟರಿನ ತಾಮ್ರದ ತಂತಿ ಕರಗಲು ಸುಮಾರು 28 ಆಂಪೇರು ಬೇಕು. 1 ಮಿಲಿಮೀಟರಿನದು ಕರಗಲು 80. ಬಳಕೆಯ ಮಿತಿ 15 ಎಂದರೂ ಕರಗುವ ಮಿತಿ ಅದರ ಎರಡು ಪಟ್ಟಿಗೆ ಹತ್ತಿರವಿರುವುದನ್ನು ಇಲ್ಲಿ ಕಾಣಬಹುದು. ರಾತ್ರಿ ದೀಪ ಆರಿದಾಗ, ಕೈಗೆ ಸಿಕ್ಕ ವಯರಿನಿಂದ ದಪ್ಪನಾದ ಎಳೆಯೊಂದನ್ನು ಕಿತ್ತು ಹಿಡಿಕೆಗೆ ಸುತ್ತಿದವನು ದೀಪವನ್ನು ಹೊತ್ತಿಸಿಕೊಂಡನು, ನಿಜ. ಫ್ಯೂಸನ್ನು ಮಾತ್ರ ಅವನು ತೆಗೆದುಹಾಕಿದನು; ಹಿಡಿಕೆ ಇದ್ದಲ್ಲಿಯೇ ಇರುವುದರಿಂದ ಅದು ಯಾರಿಗೂ ತಿಳಿಯದು.

ಹೊಲದ ಪರಿವರ್ತಕದಲ್ಲಿ ಇದರ ಫಲವು ಇನ್ನೂ ಕಠೋರ. 63 ಕೆ.ವಿ.ಎ. ಪರಿವರ್ತಕವು ಪೂರ್ಣ ಹೊರೆಯಲ್ಲಿ ಪಂಪುಗಳ ಕಡೆಗೆ ಸುಮಾರು 84 ಆಂಪೇರು ಕೊಡುತ್ತದೆ; ಆದರೆ 11,000 ವೋಲ್ಟಿನ ಮೇಲ್ಗಡೆಯಲ್ಲಿ ಅದು ಸೆಳೆಯುವುದು ಮೂರು ಆಂಪೇರಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಅಷ್ಟಕ್ಕೆ ತಕ್ಕ ತಂತಿ ಬಹು ತೆಳುವಾದುದು. ಗಾಳಿಗೆ ಕಂಬಿಗಳು ತಗುಲಿದರೂ ಅದು ಹೋಗುತ್ತದೆ. ಬೇಸಗೆಯಲ್ಲಿ ಮೇಲಿಂದ ಮೇಲೆ ಹೀಗಾದಾಗ, ಬೇಗನೆ ನೀರು ಹರಿಯಲಿ ಎಂಬ ಒತ್ತಾಯದಲ್ಲಿ, ಅಲ್ಲಿ ದಪ್ಪನೆಯ ಅಲ್ಯೂಮಿನಿಯಂ ಎಳೆಯನ್ನು ಕಟ್ಟಲಾಗುತ್ತದೆ. ಮುಂದಿನ ಸಲ ದೋಷವುಂಟಾದಾಗ ಆ ಎಳೆ ಕರಗುವುದಿಲ್ಲ, ಪರಿವರ್ತಕದ ಸುರುಳಿಯೇ ಸುಡುತ್ತದೆ. ತಂತಿಯನ್ನು ಬದಲಿಸಲು ಅರ್ಧ ಗಂಟೆ ಸಾಕು. ಪರಿವರ್ತಕವನ್ನು ಬದಲಿಸುವವರೆಗೆ ಬೆಳೆ ಒಣಗುತ್ತಿರುತ್ತದೆ. ಹಾಗೆ ಕಂಬವೇರಿ ತಂತಿ ಕಟ್ಟುವುದು ತರಬೇತಿಯಿಲ್ಲದವನ ಕೆಲಸವಲ್ಲ. ಆ ಕೆಲಸಕ್ಕೆ ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ.

ಮುಚ್ಚಿದ ಫ್ಯೂಸು ಈ ಆಸೆಗೆ ಎಡೆಗೊಡುವುದಿಲ್ಲ. ಪಿಂಗಾಣಿಯ ಕೊಳವೆಯೊಳಗೆ ಬೆಳ್ಳಿಯ ಇಲ್ಲವೆ ತಾಮ್ರದ ಪಟ್ಟಿ, ಅದರ ಸುತ್ತ ಶುದ್ಧವಾದ ಬೆಣಚುಕಲ್ಲಿನ ಮರಳು. ಪಟ್ಟಿ ಕರಗಿ ಕಿಡಿಯೆದ್ದಾಗ ಮರಳು ಅದರ ಶಾಖವನ್ನು ಹೀರಿ, ತಾನೂ ಕರಗಿ, ಗಾಜಿನಂತೆ ಗಟ್ಟಿಯಾಗಿ ಪ್ರವಾಹವನ್ನು ಕಡಿದುಹಾಕುತ್ತದೆ. ಇದನ್ನು ಬಿಚ್ಚಿ ಬೇರೆ ತಂತಿ ಕಟ್ಟುವಂತಿಲ್ಲ, ಹೊಸದನ್ನೇ ಇಡಬೇಕು. ಇದರ ಅಲಗುಗಳ ಅಗಲ, ಎತ್ತರ, ನಡುವಣ ಅಂತರಗಳನ್ನು ಮಾನಕವು ಮಿಲಿಮೀಟರಿನಲ್ಲಿ ಹೇಳುವುದರಿಂದ ಒಂದೇ ಜಾತಿಯ, ಒಂದೇ ಗಾತ್ರದ ಫ್ಯೂಸನ್ನು ಯಾವ ಕಾರ್ಖಾನೆಯದಾದರೂ ಇಡಬಹುದು. ಒಂದೇ ಜಾತಿಯ ಎಂಬ ಮಾತನ್ನು ಬಿಡುವಂತಿಲ್ಲ. ಬ್ರಿಟಿಷರ ಪದ್ಧತಿಯದನ್ನು ತಿರುಪುಮೊಳೆಯಿಂದ ಬಿಗಿಯಬೇಕು, ಜರ್ಮನರದನ್ನು ಅಲಗಿನಿಂದ ದವಡೆಗೆ ಒತ್ತಬೇಕು; ನಮ್ಮ ದೇಶದಲ್ಲಿ ಎರಡೂ ಬಳಕೆಯಲ್ಲಿವೆ, ಒಂದರ ಗೂಡಿಗೆ ಇನ್ನೊಂದು ಬಾರದು. 1906ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗವು ಸಹ ಈ ವಿಷಯದಲ್ಲಿ ದೇಶಗಳನ್ನು ಒಂದುಗೂಡಿಸಲಾರದೆ, ಹಲವು ಪದ್ಧತಿಗಳನ್ನು ಒಂದೇ ಗ್ರಂಥದೊಳಗೆ ಸಾಲಾಗಿ ಇರಿಸಿ ಸುಮ್ಮನಾಗಿದೆ.

ಅಳತೆ ಸರಿಯಿದ್ದರೂ ಕರಗಬೇಕಾದಾಗ ಕರಗುವುದೇ ಎಂಬುದನ್ನು ಪರೀಕ್ಷೆಯಿಂದಲೇ ತಿಳಿಯಬೇಕು. ಭಾರತ ಸರ್ಕಾರವು 1960ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕೇಂದ್ರೀಯ ವಿದ್ಯುತ್ ಸಂಶೋಧನ ಸಂಸ್ಥೆಯಲ್ಲಿ, ಹ್ರಸ್ವಮಂಡಲದಲ್ಲಿ ಹುಟ್ಟುವಂಥ ಪ್ರಚಂಡ ಪ್ರವಾಹಗಳನ್ನು ಬೇಕೆಂದೇ ಹರಿಸಿ ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುತ್ತಾರೆ. ಫ್ಯೂಸಿನ ಪರೀಕ್ಷೆಯಲ್ಲಿ ಒಂದು ವಿಚಿತ್ರವಿದೆ: ಪರೀಕ್ಷೆಗೆ ಒಳಗಾದದ್ದು ಮತ್ತೆ ಮಾರಾಟಕ್ಕೆ ಬಾರದು, ಮಾರಾಟಕ್ಕೆ ಬಂದದ್ದು ಪರೀಕ್ಷೆಗೆ ಒಳಗಾಗಿರದು. ಸುಟ್ಟ ಮಾದರಿಯಂತೆಯೇ ಸುಡದ ಉಳಿದವೂ ಇರುವುವೆಂಬ ನಂಬಿಕೆಯ ಮೇಲೆ ನಾವು ಕೊಳ್ಳುತ್ತೇವೆ. ಮುದ್ರೆಯು ಹೊರುವುದು ಆ ನಂಬಿಕೆಯನ್ನೇ.

ಇಂದು ಹೊಸ ಮನೆಗಳಲ್ಲಿ ಪಿಂಗಾಣಿ ಹಿಡಿಕೆಯ ಬದಲು ಎಂ.ಸಿ.ಬಿ. ಎಂಬ ಸಣ್ಣ ಸ್ವಯಂಚಾಲಿತ ಸ್ವಿಚ್ಚು ಬಂದಿದೆ. ಹೊರೆ ಮೀರಿದರೆ ಅದರ ಸನ್ನೆ ಕೆಳಗೆ ಬೀಳುತ್ತದೆ. ದೋಷವನ್ನು ಸರಿಪಡಿಸಿ ಮೇಲೆತ್ತಿದರಾಯಿತು, ಕಟ್ಟಲು ತಂತಿಯಿಲ್ಲ. 35 ಮಿಲಿಮೀಟರು ಅಗಲದ ಲೋಹದ ಪಟ್ಟಿಯ ಮೇಲೆ ಯಾವ ಕಾರ್ಖಾನೆಯದಾದರೂ ಕೂರುತ್ತದೆ. ಅದಲುಬದಲಿನ ಮಟ್ಟಿಗೆ ಇದು ಪಿಂಗಾಣಿಗಿಂತ ಬಹಳ ಮುಂದೆ ಹೋಗಿದೆ. ಆದರೆ 6 ಆಂಪೇರಿನದಕ್ಕೂ 32 ಆಂಪೇರಿನದಕ್ಕೂ ಗಾತ್ರ ಒಂದೇ, ಆಕಾರ ಒಂದೇ. 6ರ ಜಾಗದಲ್ಲಿ 32ರದು ಸದ್ದಿಲ್ಲದೆ ಕೂರುತ್ತದೆ. ತಡೆಯಲು ಅಲ್ಲಿ ಬಳೆಯಿಲ್ಲ, ಕಿರಿದಾದ ರಂಧ್ರವಿಲ್ಲ. ಅದರ ಮುಖದ ಮೇಲೆ ಅಚ್ಚಾಗಿರುವ ಅಂಕಿಯೊಂದಿದೆ. ಹಿಂದಿನ ಗೋಡೆಯಲ್ಲಿ ಹುದುಗಿರುವ ತಂತಿ ಎಷ್ಟನ್ನು ತಾಳುವುದೆಂಬುದನ್ನು ತಿಳಿದು, ಆ ಅಂಕಿಯನ್ನು ಅದರೊಡನೆ ಹೋಲಿಸಿ ನೋಡುವ ಕೆಲಸವು ಎಂದಿನಂತೆ ಮನುಷ್ಯನಿಗೇ ಉಳಿದಿದೆ.